ಕೊನೆಯ ದೃಶ್ಯ ಮಾತ್ರ ತೋರಿಸಿದರೆ ಮಗನಿಗೆ ಯಾಕೆ ತಟ್ಟಲಿಲ್ಲ?

ಪ್ರಶ್ನೆ: ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪ ಅಮ್ಮನ ಜೊತೆ ‘ಕಸ್ತೂರಿ ನಿವಾಸ’ ನೋಡಿದ್ದೆ. ಕಥೆಯಲ್ಲಿ ಎಷ್ಟೋ ಮರೆತುಹೋಗಿದೆ. ಆದರೆ ಕೊನೆಯ ಪಾರಿವಾಳದ ದೃಶ್ಯ ನೆನಪಾದರೆ ಈಗಲೂ ಗಂಟಲು ಕಟ್ಟುತ್ತದೆ. ಮೊನ್ನೆ ಕಾಲೇಜಿಗೆ ಹೋಗುವ ಮಗನಿಗೆ ಮೊಬೈಲಿನಲ್ಲಿ ಆ ತುಣುಕು ತೋರಿಸಿದೆ. ‘ಚೆನ್ನಾಗಿದೆ’ ಅಂದು ಎದ್ದು ಹೋದ. ಬೇಜಾರಾಯಿತು. ನನ್ನನ್ನು ಕಾಡುತ್ತಿರುವುದು ಆ ದೃಶ್ಯವೋ, ನನ್ನ ಬಾಲ್ಯವೋ? ಪೂರ್ತಿ ಸಿನಿಮಾ ತೋರಿಸುವುದಾದರೆ ಕಪ್ಪು ಬಿಳುಪಿನದ್ದು ತೋರಿಸಲೋ, ಬಣ್ಣದ್ದೋ?

ಉತ್ತರ: ಮಗನ ಮೇಲೆ ಬೇಜಾರು ಬೇಡ. ನೀವು ನೋಡಿದ ದೃಶ್ಯವನ್ನು ಅವನು ಇನ್ನೂ ನೋಡೇ ಇಲ್ಲ. ಚಿತ್ರ ಅದೇ, ಮಾತು ಅದೇ, ರಾಜ್‌ಕುಮಾರ್ ಮುಖವೂ ಅದೇ, ನಿಜ. ಆದರೆ ಸಾರು ಬಡಿಸದೆ ಬರೀ ಒಗ್ಗರಣೆ ಬಾಯಿಗಿಟ್ಟ ಹಾಗಾಗಿದೆ ಅವನಿಗೆ. ಘಮ ಬಂದಿರುತ್ತದೆ, ಊಟ ಆಗಿರುವುದಿಲ್ಲ.

ಸಿನಿಮಾ ನೋಡುವುದು ಹೇಗೆ ಅಂತ ಕಲಿಸುವ ಶಿಬಿರಗಳಲ್ಲಿ ನಾನು ಪಾಠ ಮಾಡುತ್ತೇನೆ. ‘ನಿಮ್ಮ ಮನಸ್ಸಿನಿಂದ ಹೋಗದ ಒಂದು ದೃಶ್ಯ ಹೇಳಿ’ ಅನ್ನುವುದೇ ಅಲ್ಲಿ ಮೊದಲ ಪಾಠ. ಜನ ಉತ್ತರ ಕೊಡುವ ರೀತಿ ಗಮನಿಸಿ. ನೇರವಾಗಿ ದೃಶ್ಯದಿಂದ ಶುರು ಮಾಡುವವರು ತೀರಾ ಕಡಿಮೆ. ‘ಅದಕ್ಕೂ ಮುಂಚೆ ಏನಾಗಿರುತ್ತೆ ಅಂದ್ರೆ...’ ಅಂತಲೇ ಎಲ್ಲರೂ ಬಾಯಿ ತೆರೆಯುವುದು. ಹಿಂದಿನದು ಹೇಳದೆ ಇದು ಅರ್ಥವಾಗಲ್ಲ ಅಂತ ಅವರಿಗೆ ಗೊತ್ತು. ನೀವೂ ಮಗನಿಗೆ ಹಾಗೇ ಹೇಳಲು ಹೊರಟಿರುತ್ತೀರಿ, ಅಷ್ಟರಲ್ಲಿ ತುಣುಕು ಓಡಲು ಶುರುವಾಗಿರುತ್ತದೆ, ಅಲ್ವಾ?

ನಿಮ್ಮ ದೃಶ್ಯವನ್ನೇ ಬಿಚ್ಚಿ ನೋಡೋಣ. ದೊರೈ–ಭಗವಾನ್ ನಿರ್ದೇಶಿಸಿದ ‘ಕಸ್ತೂರಿ ನಿವಾಸ’ ಬಂದದ್ದು 1971ರಲ್ಲಿ. ರಾಜ್‌ಕುಮಾರ್ ಅದರಲ್ಲಿ ರವಿವರ್ಮ, ಬೆಂಕಿಪೊಟ್ಟಣ ತಯಾರಿಸುವ ಕಂಪನಿಯ ಯಜಮಾನ. ಕೊಡುವುದಕ್ಕೆ ಹೆಸರಾದ ಮನೆತನ. ಬೇಡಿ ಬಂದವರಿಗೆ ಅಲ್ಲಿ ‘ಇಲ್ಲ’ ಅನ್ನುವ ಮಾತೇ ಇಲ್ಲ. ಸಿನಿಮಾ ಇದನ್ನು ಒಂದು ಸಲ ಹೇಳಿ ಸುಮ್ಮನಾಗುವುದಿಲ್ಲ. ಮತ್ತೆ ಮತ್ತೆ ತೋರಿಸುತ್ತದೆ. ಒಂದೊಂದು ಸಲ ಕೊಟ್ಟಾಗಲೂ ಅವನ ಕೈ ಇನ್ನಷ್ಟು ಬರಿದಾಗುತ್ತದೆ. ಆದರೂ ಕೊಡುವ ಗತ್ತು ಮಾತ್ರ ಬದಲಾಗುವುದಿಲ್ಲ. ಕೆಳಗೆ ಕೆಲಸ ಮಾಡುತ್ತಿದ್ದವನು ಮೇಲೇರುತ್ತಾನೆ, ಇವನು ಇಳಿಯುತ್ತಾನೆ. ಮನಸ್ಸಿನಲ್ಲಿದ್ದ ನೀಲಾ ಕೂಡ ಬೇರೆಯವನ ಹೆಂಡತಿಯಾಗುತ್ತಾಳೆ. ‘ಆಡಿಸಿ ನೋಡು ಬೀಳಿಸಿ ನೋಡು’ ಹಾಡಿನ ಗೊಂಬೆ ಸಂತೋಷದಲ್ಲಿ ಒಮ್ಮೆ ಬರುತ್ತದೆ, ದುಃಖದಲ್ಲಿ ಇನ್ನೊಮ್ಮೆ ಬರುತ್ತದೆ. ಎಷ್ಟು ಉರುಳಿಸಿದರೂ ಎದ್ದು ಕೂರುವ ಗೊಂಬೆ ಅದು. ಹೀಗೆ ನೋಡನೋಡುತ್ತಾ ಒಂದು ವಿಷಯ ನಮ್ಮ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ: ಈ ಮನುಷ್ಯ ಏನೇ ಆದರೂ ಇಲ್ಲ ಅನ್ನುವುದಿಲ್ಲ.

ಕೊನೆಯ ದೃಶ್ಯ ಕೈ ಹಾಕುವುದು ಸರಿಯಾಗಿ ಅಲ್ಲಿಗೇ. ನೀಲಾ ಬರುತ್ತಾಳೆ. ಮನೆಗೆ ಬಂದವರಿಗೆ ಊಟ ಹಾಕದೆ ಕಳಿಸುವುದುಂಟೇ? ಊಟವಾಗುತ್ತದೆ. ಆಮೇಲೆ ಅವಳು ತನ್ನ ಮಗುವಿಗಾಗಿ ಅವನ ಪಾರಿವಾಳ ಕೇಳುತ್ತಾಳೆ. ಆ ಪಾರಿವಾಳ ಅವಳಿಗೆ ಊಟ ಹಾಕುವುದಕ್ಕಾಗಿಯೇ ಕೈಬಿಟ್ಟು ಹೋಗಿದೆ. ಯಾಕೆ ಹೋಯಿತು ಅಂತ ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಬದುಕಿನಲ್ಲಿ ಮೊದಲ ಸಲ ಅವನು ಇಲ್ಲ ಅನ್ನಬೇಕು. ಅದನ್ನು ಅವನ ಜೀವ ತಡೆಯುವುದಿಲ್ಲ.

ಈ ಜಾಗದಲ್ಲಿ ಯಾರೂ ಭಾಷಣ ಮಾಡಬೇಕಿಲ್ಲ. ಲೆಕ್ಕ ಹಾಕುವವರು ನಾವು. ಊಟ, ಪಾರಿವಾಳ, ಇಲ್ಲಿಯವರೆಗೆ ಕೊಟ್ಟದ್ದು ಎಲ್ಲವನ್ನೂ ಕ್ಷಣದಲ್ಲಿ ಕೂಡಿಸಿ, ‘ಅಯ್ಯೋ’ ಅನ್ನುವವರೂ ನಾವೇ. ದೃಶ್ಯ ಮನಸ್ಸಿನಲ್ಲಿ ಉಳಿಯುವುದಕ್ಕೆ ನನ್ನ ಪ್ರಕಾರ ದೊಡ್ಡ ಕಾರಣ ಇದು. ಅರ್ಧ ಕೆಲಸವನ್ನು ಅದು ನಮ್ಮ ಕೈಲಿ ಮಾಡಿಸುತ್ತದೆ. ನಾವೇ ಪೂರ್ತಿ ಮಾಡಿದ್ದನ್ನು ನಾವು ಸುಲಭಕ್ಕೆ ಮರೆಯುವುದಿಲ್ಲ. ನಿಮ್ಮ ಮಗನ ಹತ್ತಿರ ಕೂಡಿಸಲು ಸಾಮಾನೇ ಇರಲಿಲ್ಲ. ಯಾರೋ ಒಬ್ಬ ಬಡವ, ಯಾರೋ ಒಬ್ಬ ಹೆಂಗಸು, ಒಂದು ಹಕ್ಕಿ, ಒಂದು ಸಾವು. ಅವನಿಗೆ ಕಂಡದ್ದು ಇಷ್ಟೇ.

ಈ ಗಂಟು ಎಷ್ಟು ಹಳೆಯದು ಗೊತ್ತಾ? ಇಟಲಿಯ ಬೊಕಾಚಿಯೋ 14ನೇ ಶತಮಾನದಲ್ಲಿ ಬರೆದ ‘ಡೆಕಾಮೆರಾನ್’ನಲ್ಲಿ ಫೆಡೆರಿಗೋ ಅನ್ನುವವನ ಕಥೆ ಇದೆ. ಪ್ರೀತಿಸಿದವಳಿಗಾಗಿ ಆಸ್ತಿಯೆಲ್ಲ ಕಳೆದುಕೊಂಡ ಅವನ ಬಳಿ ಉಳಿದಿರುವುದು ಒಂದು ಬೇಟೆ ಗಿಡುಗ ಮಾತ್ರ. ಅವಳು ಮನೆಗೆ ಬಂದಾಗ ಬೇರೇನೂ ಇಲ್ಲದೆ ಅದನ್ನೇ ಅಡುಗೆ ಮಾಡಿಸಿ ಬಡಿಸುತ್ತಾನೆ. ಅವಳು ಬಂದದ್ದು ಕಾಯಿಲೆ ಬಿದ್ದ ಮಗನಿಗಾಗಿ ಆ ಗಿಡುಗವನ್ನೇ ಕೇಳಲು. ಆರುನೂರು ವರ್ಷ ಆದಮೇಲೂ, ಬೇರೆ ಭಾಷೆಯಲ್ಲಿ, ಬೇರೆ ಊರಿನಲ್ಲಿ, ಈ ಗಂಟು ಜನರ ಗಂಟಲು ಕಟ್ಟುತ್ತಿದೆ. ಅಂದಮೇಲೆ ನಿಮ್ಮನ್ನು ಕಾಡುವುದು ಬಾಲ್ಯ ಒಂದೇ ಅಂತ ನಾನು ಒಪ್ಪುವುದಿಲ್ಲ.

‘ಆದರೂ ಆ ಮುಖ, ಆ ಕಣ್ಣು? ಅಷ್ಟು ಸಾಕಾಗಬೇಕಿತ್ತಲ್ಲ?’ ಅಂತ ನೀವು ಕೇಳಬಹುದು. ಇದಕ್ಕೆ ರಷ್ಯಾದ ಸಿನಿಮಾ ನಿರ್ದೇಶಕ ಲೆವ್ ಕುಲೆಶೋವ್ ಸುಮಾರು ನೂರು ವರ್ಷದ ಹಿಂದೆ ಮಾಡಿದ ಒಂದು ಪ್ರಯೋಗ ನೆನಪಾಗುತ್ತದೆ. ಇವಾನ್ ಮೊಸ್ಜುಖಿನ್ ಅನ್ನುವ ನಟನ ಭಾವವಿಲ್ಲದ ಮುಖದ ಒಂದೇ ಶಾಟ್ ತೆಗೆದುಕೊಂಡ. ಒಂದು ಸಲ ಅದರ ಪಕ್ಕ ಸೂಪಿನ ಬಟ್ಟಲು ಜೋಡಿಸಿದ, ಇನ್ನೊಂದು ಸಲ ಶವಪೆಟ್ಟಿಗೆ, ಮತ್ತೊಂದು ಸಲ ಒಬ್ಬಳು ಹೆಣ್ಣು. ನೋಡಿದವರು ಅದೇ ಮುಖದಲ್ಲಿ ಹಸಿವು, ದುಃಖ, ಆಸೆ ಕಂಡರು ಅಂತ ಹೇಳುತ್ತಾರೆ. ಮುಖ ಬದಲಾಗಿರಲಿಲ್ಲ, ಪಕ್ಕದ್ದು ಬದಲಾಗಿತ್ತು. ರಾಜ್‌ಕುಮಾರ್ ದೊಡ್ಡ ನಟ, ಅದರಲ್ಲಿ ಎರಡು ಮಾತಿಲ್ಲ. ನಾಟಕ ಕಂಪನಿಯಲ್ಲಿ ಪಳಗಿದವರು. ಕೊನೆಯ ಸಾಲಿನವನಿಗೂ ತಲುಪುವ ಹಾಗೆ ಅಭಿನಯಿಸಲು ಗೊತ್ತು, ಕ್ಯಾಮೆರಾ ಹತ್ತಿರ ಬಂದಾಗ ಅದನ್ನೆಲ್ಲ ಒಳಗೆ ಎಳೆದುಕೊಳ್ಳಲೂ ಗೊತ್ತು. ಆದರೆ ಆ ಮುಖದಲ್ಲಿ ನಾವು ಓದುವುದರ ಅರ್ಧ ಭಾಗ ಹಿಂದಿನ ದೃಶ್ಯಗಳು ಬರೆದಿಟ್ಟದ್ದು.

ಅಳಿಸುವ ದೃಶ್ಯಕ್ಕೆ ಮಾತ್ರ ಈ ಮಾತು ಅಂದುಕೊಳ್ಳಬೇಡಿ. ನಗಿಸುವ ದೃಶ್ಯದ್ದೂ ಇದೇ ಕಥೆ. ಸಿಂಗೀತಂ ಶ್ರೀನಿವಾಸರಾವ್ ಅವರ ‘ಪುಷ್ಪಕ ವಿಮಾನ’ (1987) ನೋಡಿದ್ದೀರಲ್ಲ, ಬೆಂಗಳೂರಿನಲ್ಲೇ ತೆಗೆದ, ಮಾತೇ ಇಲ್ಲದ ಸಿನಿಮಾ. ಕಮಲ್‌ಹಾಸನ್ ಅದರಲ್ಲಿ ಕೆಲಸವಿಲ್ಲದ ಹುಡುಗ. ಅವನ ಬಾಡಿಗೆ ಕೋಣೆಯ ಪಕ್ಕದಲ್ಲೇ ಸಿನಿಮಾ ಥಿಯೇಟರ್. ರಾತ್ರಿಯೆಲ್ಲ ಹೊಡೆದಾಟದ ಸದ್ದು ಗೋಡೆ ದಾಟಿ ಬರುತ್ತಿರುತ್ತದೆ. ಆ ಗಲಾಟೆಯಲ್ಲೇ ಬದುಕುವುದು ಅವನಿಗೆ ರೂಢಿ. ಆಮೇಲೆ ಅವನು ಐಷಾರಾಮಿ ಹೋಟೆಲ್ ಸೇರುತ್ತಾನೆ. ಮೆತ್ತನೆ ಹಾಸಿಗೆ, ತಣ್ಣನೆ ಗಾಳಿ, ಎಲ್ಲ ಉಂಟು. ನಿದ್ದೆ ಮಾತ್ರ ಇಲ್ಲ. ಹೊರಳಾಡುತ್ತಾನೆ. ಕೊನೆಗೆ ಟೇಪ್ ರೆಕಾರ್ಡರ್ ಹಿಡಿದು ಹಳೇ ಜಾಗಕ್ಕೆ ಹೋಗಿ ಆ ಗಲಾಟೆಯನ್ನು ಕ್ಯಾಸೆಟ್ಟಿನಲ್ಲಿ ತುಂಬಿಕೊಂಡು ಬರುತ್ತಾನೆ. ಹೋಟೆಲಿನ ಹಾಸಿಗೆಯ ಪಕ್ಕ ಅದನ್ನು ಹಾಕುತ್ತಾನೆ. ಢಿಶುಂ ಢಿಶುಂ ಸದ್ದಿನ ನಡುವೆ ಹಾಯಾಗಿ ನಿದ್ದೆ ಹೋಗುತ್ತಾನೆ.

ಇದನ್ನು ನೆನೆಸಿಕೊಂಡು ನಗದವರನ್ನು ನಾನು ನೋಡಿಲ್ಲ. ಇಲ್ಲೂ ಕೋಣೆಯ ಸದ್ದನ್ನು ಮುಂಚೆಯೇ ನಮ್ಮ ಕಿವಿಗೆ ಹಾಕಿ ಇಟ್ಟಿದ್ದಾರೆ. ಆಗ ಅದು ಸುಮ್ನೆ ಬಡತನದ ವಿವರ ಅನ್ನಿಸಿತ್ತು. ಅದೇ ಸದ್ದು ಹೋಟೆಲಿಗೆ ಬಂದಾಗ ಅರ್ಥ ತಿರುಗಿ ಕೂರುತ್ತದೆ. ದುಡ್ಡು ಬಂದರೂ ಹಳೇ ಬದುಕು ಮೈ ಬಿಡುವುದಿಲ್ಲ ಅನ್ನುವುದನ್ನು ಒಂದು ಪದವೂ ಆಡದೆ ಹೇಳಿದ್ದಾರೆ. ಮಾತಿದ್ದಿದ್ದರೆ ಯಾರೋ ಒಬ್ಬರು ಅದನ್ನು ವಿವರಿಸಿ ಕೆಡಿಸುತ್ತಿದ್ದರು.

ನನಗೆ ಎಲ್ಲಕ್ಕಿಂತ ಹತ್ತಿರದ್ದು ‘ಘಟಶ್ರಾದ್ಧ’ದ ಕೊನೆ. 1977ರ ಸಿನಿಮಾ, ಗಿರೀಶ್ ಕಾಸರವಳ್ಳಿ ಅವರ ಮೊದಲ ಕಥಾಚಿತ್ರ, ಯು.ಆರ್. ಅನಂತಮೂರ್ತಿ ಅವರ ಕಥೆ. ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣ ಕಮಲ ಬಂತು. ವೇದ ಕಲಿಯಲು ಬಂದ ಪುಟ್ಟ ಹುಡುಗ ನಾಣಿ. ಆ ಮನೆಯ ಮಗಳು ಯಮುನಾ ವಿಧವೆ. ತಾಯಿಯಿಂದ ದೂರ ಬಂದ ಹುಡುಗನಿಗೆ ಆಸರೆ ಅವಳೊಬ್ಬಳೇ. ಯಮುನಾ ಬಸಿರಾಗುತ್ತಾಳೆ. ಊರಿಗೆ ತಿಳಿಯುತ್ತದೆ. ಬದುಕಿರುವಾಗಲೇ ಅವಳ ಶ್ರಾದ್ಧ ಮಾಡಿ ಹೊರಗೆ ಹಾಕುತ್ತಾರೆ. ಕೊನೆಯಲ್ಲಿ ಅಪ್ಪ ಬಂದು ನಾಣಿಯನ್ನು ಊರಿಗೆ ಕರೆದುಕೊಂಡು ಹೊರಡುತ್ತಾನೆ. ದಾರಿಯಲ್ಲಿ ಮರದ ಕೆಳಗೆ ತಲೆ ಬೋಳಿಸಿಕೊಂಡ ಯಮುನಾ ಕೂತಿದ್ದಾಳೆ. ಹುಡುಗ ನೋಡುತ್ತಾನೆ. ಅಪ್ಪನ ಜೊತೆ ಹೋಗಲೇಬೇಕು, ಹೋಗುತ್ತಾನೆ.

ಅವನು ಓಡಿ ಹೋಗಿ ಅವಳನ್ನು ತಬ್ಬಿಕೊಂಡಿದ್ದರೆ? ನಾವು ಚೆನ್ನಾಗಿ ಅತ್ತು, ಹಗುರಾಗಿ, ಮನೆಗೆ ಹೋಗಿ ಊಟ ಮಾಡುತ್ತಿದ್ದೆವು. ಕಾಸರವಳ್ಳಿ ಅಷ್ಟಕ್ಕೂ ಅವಕಾಶ ಕೊಡುವುದಿಲ್ಲ. ನಾಣಿ ಹೊರಟುಬಿಡುತ್ತಾನೆ. ಇಡೀ ಸಿನಿಮಾ ಅವನ ಕಣ್ಣಿನಲ್ಲಿ ನೋಡಿಕೊಂಡು ಬಂದ ನಾವೂ ಅವನ ಜೊತೆ ಹೊರಟುಬಿಡುತ್ತೇವೆ. ಅವಳನ್ನು ಬಿಟ್ಟು ಬಂದವರಲ್ಲಿ ನಾವೂ ಒಬ್ಬರು. ಈ ಅಪರಾಧದ ಭಾವ ಮನೆವರೆಗೆ ಹಿಂಬಾಲಿಸುತ್ತದೆ. ಎಷ್ಟೋ ಸಲ ಪಾಠಕ್ಕಾಗಿ ಈ ಭಾಗ ಹಾಕಿದ್ದೇನೆ, ಇವತ್ತಿಗೂ ದೀಪ ಹಾಕಿದ ಕೂಡಲೇ ಮಾತು ಶುರು ಮಾಡಲು ನನಗೆ ಆಗುವುದಿಲ್ಲ. ಪ್ರಿಂಟ್ ಸರಿಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ನಲವತ್ತೇಳು ವರ್ಷದ ಹಳೇ ಕನ್ನಡ ಸಿನಿಮಾಕ್ಕೆ ಆ ಗೌರವ ಸಿಕ್ಕಿದ್ದು ಎಲ್ಲ ಕನ್ನಡಿಗರೂ ಖುಷಿಪಡಬೇಕಾದ ವಿಷಯ.

ಉಳಿಯುವ ದೃಶ್ಯಗಳಲ್ಲಿ ಕೊನೆಯವೇ ಯಾಕೆ ಜಾಸ್ತಿ? ಒಂದು ಸಾಮಾನ್ಯ ಕಾರಣ ಇದೆ. ಮನೋವಿಜ್ಞಾನಿ ಡೇನಿಯಲ್ ಕಾನೆಮನ್ ಮತ್ತು ಜೊತೆಗಾರರು 1993ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಜನರ ಕೈಯನ್ನು 14 ಡಿಗ್ರಿ ಸೆಲ್ಸಿಯಸ್‌ನ ಕೊರೆಯುವ ನೀರಿನಲ್ಲಿ 60 ಸೆಕೆಂಡ್ ಇಡಿಸಿದರು. ಇನ್ನೊಂದು ಸಲ ಅದೇ 60 ಸೆಕೆಂಡ್, ಮೇಲೆ ಇನ್ನೂ 30 ಸೆಕೆಂಡ್. ಆ 30 ಸೆಕೆಂಡಿನಲ್ಲಿ ನೀರು ನಿಧಾನಕ್ಕೆ 15 ಡಿಗ್ರಿಗೆ ಏರುತ್ತದೆ. ಮತ್ತೊಮ್ಮೆ ಯಾವುದಕ್ಕೆ ತಯಾರು ಅಂತ ಕೇಳಿದರೆ ಹೆಚ್ಚಿನವರು ಉದ್ದನೆಯದ್ದನ್ನೇ ಆರಿಸಿದರು! ಒಟ್ಟು ನೋವು ಅದರಲ್ಲೇ ಜಾಸ್ತಿ. ಆದರೆ ನಮ್ಮ ನೆನಪು ಒಟ್ಟು ಮೊತ್ತ ಇಟ್ಟುಕೊಳ್ಳುವುದಿಲ್ಲ. ತುಂಬಾ ತೀವ್ರವಾದ ಕ್ಷಣವನ್ನೂ ಮುಗಿದ ರೀತಿಯನ್ನೂ ಹಿಡಿದುಕೊಳ್ಳುತ್ತದೆ. ‘ಕಸ್ತೂರಿ ನಿವಾಸ’ದಲ್ಲಿ ತೀವ್ರವಾದ ಕ್ಷಣವೇ ಕೊನೆಯೂ ಹೌದು. ನಡುವಿನ ಕಥೆ ನಿಮಗೆ ಮರೆತದ್ದರಲ್ಲಿ ಆಶ್ಚರ್ಯವಿಲ್ಲ.

ಹಾಗಂತ ಮೊದಲ ದೃಶ್ಯ ಉಳಿಯುವುದೇ ಇಲ್ಲ ಅಂತಲ್ಲ. ರಾಮ್ ರೆಡ್ಡಿ ಅವರ ‘ತಿಥಿ’ ನೆನೆಸಿಕೊಳ್ಳಿ. ಮಂಡ್ಯ ಕಡೆಯ ಹಳ್ಳಿ. ನಟಿಸಿದವರು ಅಲ್ಲಿನ ಜನರೇ. ಹಿನ್ನೆಲೆ ಸಂಗೀತ ಇಲ್ಲ. ಸೆಂಚುರಿ ಗೌಡ ಬೀದಿ ಬದಿಯಲ್ಲಿ ಕೂತು ಹೋಗಿಬರುವವರನ್ನೆಲ್ಲ ಬಾಯಿಗೆ ಬಂದ ಹಾಗೆ ಛೇಡಿಸುತ್ತಿರುತ್ತಾನೆ. ನಾವು ನಗುತ್ತಿರುತ್ತೇವೆ. ಎದ್ದು ಪಕ್ಕಕ್ಕೆ ಹೋಗುತ್ತಾನೆ, ಬೀಳುತ್ತಾನೆ, ಕಥೆ ಮುಗಿಯಿತು. ನಗುವನ್ನು ಬಾಯಿಂದ ತೆಗೆಯಲೂ ಸಮಯ ಕೊಡುವುದಿಲ್ಲ. ಇದು ನಿಮ್ಮ ದೃಶ್ಯಕ್ಕೆ ಪೂರಾ ಉಲ್ಟಾ, ಮುಂಚಿನ ತಯಾರಿಯೇ ಇಲ್ಲ. ಆದರೆ ಅಂಥ ಅಜ್ಜಂದಿರನ್ನು ನಾವು ಜಗಲಿ ಮೇಲೆ ನೋಡಿಕೊಂಡೇ ಬೆಳೆದಿದ್ದೇವೆ. ತಯಾರಿ ನಮ್ಮೂರಿನಲ್ಲೇ ಆಗಿಹೋಗಿದೆ.

ಇನ್ನೊಂದು ಬಗೆಯ ದೃಶ್ಯ ನಾಲಿಗೆಯ ಮೇಲೆ ಉಳಿಯುತ್ತದೆ. ‘ಬಭ್ರುವಾಹನ’ದಲ್ಲಿ ಅರ್ಜುನನಿಗೂ ಮಗನಿಗೂ ನಡೆಯುವ ‘ಯಾರು ತಿಳಿಯರು ನಿನ್ನ’ ವಾಗ್ಯುದ್ಧ ಹಾಗೆ. ಹಾಡಿ ಹಾಡಿ, ಕಾಲೇಜು ವೇದಿಕೆಗಳಲ್ಲಿ ಆಡಿ ಆಡಿ ಬಾಯಿಪಾಠ ಆಗಿದೆ. ಅದು ಬೇರೆಯೇ ವಿಷಯ, ಇಲ್ಲಿ ಬೆಳೆಸುವುದಿಲ್ಲ.

ಈಗ ನಿಮ್ಮ ಬಾಲ್ಯಕ್ಕೆ ಬರೋಣ. ಅದರ ಪಾಲೂ ಇದೆ. ವಯಸ್ಸಾದವರಿಗೆ ಬದುಕಿನ ನೆನಪು ಹೇಳಿ ಅಂದರೆ ಸುಮಾರು 10ರಿಂದ 30 ವರ್ಷದವರೆಗಿನವು ಹೆಚ್ಚಾಗಿ ಬರುತ್ತವೆ ಅಂತ ನೆನಪಿನ ಬಗ್ಗೆ ಅಧ್ಯಯನ ಮಾಡುವವರು ಕಂಡಿದ್ದಾರೆ. ನೀವು ಆ ಹೊಸ್ತಿಲಲ್ಲಿದ್ದಿರಿ. ಅದಕ್ಕಿಂತ ಮುಖ್ಯವಾದದ್ದು, ನೀವು ಅಪ್ಪ ಅಮ್ಮನ ಜೊತೆ ನೋಡಿದಿರಿ. ಶಿಬಿರದಲ್ಲಿ ಜನ ದೃಶ್ಯ ವಿವರಿಸುವಾಗ ಪಕ್ಕದಲ್ಲಿ ಯಾರು ಕೂತಿದ್ದರು ಅನ್ನುವುದನ್ನು ಕೇಳದೆಯೇ ಹೇಳುತ್ತಾರೆ. ‘ಅಪ್ಪ ಕಣ್ಣೊರೆಸಿಕೊಂಡಿದ್ದು ಅದೊಂದೇ ಸಲ ನೋಡಿದ್ದು’ ಅನ್ನುವ ಮಾತು ಎಷ್ಟೋ ಜನರ ಬಾಯಲ್ಲಿ ಕೇಳಿದ್ದೇನೆ. ದೊಡ್ಡವರೂ ಅಳುತ್ತಾರೆ ಅಂತ ಮಗುವಿಗೆ ಗೊತ್ತಾಗುವ ಜಾಗಗಳಲ್ಲಿ ನಮ್ಮ ಕಡೆ ಸಿನಿಮಾ ಥಿಯೇಟರ್ ಒಂದು. ನಿಮ್ಮ ಪಾರಿವಾಳದ ಹಿಂದೆ ಅಂಥದ್ದೇನಾದರೂ ಇದ್ದರೆ, ಅದೂ ದೃಶ್ಯದ ಭಾಗವೇ. ಕಳೆದು ನೋಡುವ ಅಗತ್ಯ ಇಲ್ಲ.

ಒಂದು ಎಚ್ಚರಿಕೆ ಮಾತ್ರ. ಇಷ್ಟು ವರ್ಷದಲ್ಲಿ ನೀವು ಆ ದೃಶ್ಯವನ್ನು ಮನಸ್ಸಿನಲ್ಲಿ ಎಷ್ಟೋ ಸಲ ಮತ್ತೆ ಓಡಿಸಿದ್ದೀರಿ. ಓಡಿಸಿದಾಗಲೆಲ್ಲ ಸ್ವಲ್ಪ ಸ್ವಲ್ಪ ಬದಲಾಗಿರುತ್ತದೆ. ಮನೋವಿಜ್ಞಾನಿ ಫ್ರೆಡ್ರಿಕ್ ಬಾರ್ಟ್ಲೆಟ್ 1932ರಷ್ಟು ಹಿಂದೆಯೇ ಇದನ್ನು ತೋರಿಸಿದ್ದರು. ಅಪರಿಚಿತ ಕಥೆಯೊಂದನ್ನು ಓದಿಸಿ ಆಗಾಗ ಮತ್ತೆ ಹೇಳಿಸಿದರೆ, ಜನ ಅರ್ಥವಾಗದ್ದನ್ನು ಬಿಡುತ್ತಾರೆ, ತಮಗೆ ಹೊಂದುವುದನ್ನು ಸೇರಿಸುತ್ತಾರೆ. ಅದಕ್ಕೇ ಮಗನಿಗೆ ತೋರಿಸುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಕೊನೆಯ ದೃಶ್ಯದಲ್ಲಿ ಯಾರು ಎಲ್ಲಿ ನಿಂತಿದ್ದರು, ಮೊದಲು ಮಾತಾಡಿದ್ದು ಯಾರು, ಸಂಗೀತ ಎಲ್ಲಿ ಶುರುವಾಯಿತು, ನೆನಪಿದ್ದಷ್ಟು ಬರೆದಿಡಿ. ಆಮೇಲೆ ಹೋಲಿಸಿ. ಎಲ್ಲಿ ತಪ್ಪಿದೆಯೋ ಅಲ್ಲಿ ನಿಮ್ಮ ಕೈವಾಡ ಇದೆ. ನಾನು ಪಾಠದಲ್ಲಿ ಇದನ್ನು ತಪ್ಪದೆ ಮಾಡಿಸುತ್ತೇನೆ. ಜನ ತಮ್ಮ ತಪ್ಪುಗಳನ್ನೇ ಜಾಸ್ತಿ ಇಷ್ಟಪಡುತ್ತಾರೆ.

ಪೂರ್ತಿ ಸಿನಿಮಾ ತೋರಿಸಿದರೆ ಅವನಿಗೆ ತಟ್ಟುತ್ತದಾ? ತಟ್ಟುವ ಸಾಧ್ಯತೆ ಚೆನ್ನಾಗಿದೆ. ಮೆದುಳಿನ ವಿಜ್ಞಾನಿ ಯೂರಿ ಹಾಸನ್ ಮತ್ತು ತಂಡದವರು ಸಿನಿಮಾ ನೋಡುವವರ ಮೆದುಳನ್ನು ಸ್ಕ್ಯಾನ್ ಮಾಡಿ 2008ರಲ್ಲಿ ಬರೆದರು. ಹಿಚ್‌ಕಾಕ್ ಅವರ ಒಂದು ಟಿವಿ ಕಥೆ ನೋಡುವಾಗ ಬೇರೆ ಬೇರೆ ಜನರ ಮೆದುಳಿನ ಹೊರಪದರದ ಸುಮಾರು 65 ಶೇಕಡಾ ಭಾಗ ಒಂದೇ ರೀತಿ ಏರಿಳಿಯಿತು. ಎಡಿಟಿಂಗ್ ಇಲ್ಲದೆ ಸುಮ್ನೆ ಪಾರ್ಕಿನಲ್ಲಿ ತೆಗೆದ ವಿಡಿಯೋ ನೋಡುವಾಗ ಅದು 5 ಶೇಕಡಾಕ್ಕಿಂತಲೂ ಕಡಿಮೆ. ಕಟ್ಟಿದ ಕಥೆ ನಮ್ಮ ಗಮನವನ್ನು ಕೈಹಿಡಿದು ನಡೆಸುತ್ತದೆ. ಎರಡು ನಿಮಿಷದ ತುಣುಕಿಗೆ ಆ ಅವಕಾಶವೇ ಇರಲಿಲ್ಲ. ಆದರೆ ತಟ್ಟಲೇಬೇಕು ಅಂತ ಹಟ ಬೇಡ. ಅವನ ಕಾಲಕ್ಕೆ ಅವನ ದೃಶ್ಯಗಳಿವೆ. 2022ರಲ್ಲಿ ‘ಕಾಂತಾರ’ದ ಕೊನೆಗೆ ಗುಳಿಗ ದೈವ ನಾಯಕನ ಮೈಮೇಲೆ ಬಂದು ಕೂಗಿದಾಗ ಥಿಯೇಟರಿಗೆ ಥಿಯೇಟರೇ ಉಸಿರು ಬಿಗಿಹಿಡಿದು ಕೂತಿತ್ತು. ಆ ಕೂಗು ಮೊಬೈಲಿನ ಸ್ಪೀಕರಿನಲ್ಲಿ ಅರ್ಧವೂ ಬರುವುದಿಲ್ಲ. ಅವನಿಗೂ ಅಂಥದ್ದೊಂದು ಇರುತ್ತದೆ. ಮೊದಲು ಅದನ್ನು ಕೇಳಿ, ಅವನ ಜೊತೆ ಕೂತು ಆ ಸಿನಿಮಾವನ್ನು ಪೂರ್ತಿ ನೋಡಿ. ಆಮೇಲೆ ನಿಮ್ಮ ಸರದಿ.

ಕಪ್ಪು ಬಿಳುಪೋ ಬಣ್ಣವೋ ಅಂದಿರಿ. ಬಣ್ಣ ತುಂಬಿದ ಪ್ರತಿ 2014ರಲ್ಲಿ ಬಂತು, ಅದನ್ನು ನೋಡಲು ಮೂರು ತಲೆಮಾರಿನವರು ಥಿಯೇಟರಿಗೆ ಹೋದರು, ಅದು ಒಳ್ಳೆಯದೇ ಆಯಿತು. ಆದರೂ ನಾನು ಹೇಳುವುದು ಕಪ್ಪು ಬಿಳುಪು. ಆ ಸಿನಿಮಾದ ಬೆಳಕನ್ನು ಇಟ್ಟದ್ದು ಕಪ್ಪು, ಬಿಳುಪು, ನಡುವಿನ ಬೂದು ಇಷ್ಟನ್ನೇ ಲೆಕ್ಕ ಹಾಕಿ. ಮುಖದ ಒಂದು ಬದಿ ಎಷ್ಟು ನೆರಳಿನಲ್ಲಿರಬೇಕು, ಬಿಳಿ ಬಟ್ಟೆ ಗೋಡೆಯಿಂದ ಹೇಗೆ ಬೇರೆ ಕಾಣಬೇಕು, ಎಲ್ಲ ಅದರ ಮೇಲೆ ನಿಂತಿದೆ. ಬಣ್ಣ ತುಂಬಿದಾಗ ಕಣ್ಣು ಮೊದಲು ಸೀರೆಯ ಮೇಲೆ, ಪರದೆಯ ಮೇಲೆ ಹೋಗುತ್ತದೆ, ಆಮೇಲೆ ಮುಖದ ಮೇಲೆ. ಕೊನೆಯ ದೃಶ್ಯದಲ್ಲಿ ನಮಗೆ ಮುಖವೇ ಮೊದಲು ಬೇಕು.

ದೊಡ್ಡ ಪರದೆಯ ಟಿವಿ ಇದ್ದರೆ ಅದರಲ್ಲೇ ಹಾಕಿ. ದೀಪ ಆರಿಸಿ, ಇಬ್ಬರ ಫೋನೂ ಬೇರೆ ಕೋಣೆಯಲ್ಲಿರಲಿ. ಮೊದಲ ಅರ್ಧ ಗಂಟೆ ಅವನಿಗೆ ನಿಧಾನ ಅನ್ನಿಸಬಹುದು, ಹಾಡುಗಳನ್ನು ಓಡಿಸಬೇಡಿ. ಅದರಲ್ಲೂ ಗೊಂಬೆಯ ಹಾಡು ಬೇಕೇ ಬೇಕು. ‘ಈಗ ನೋಡು, ಈಗ ಬರುತ್ತೆ’ ಅಂತ ಹೇಳುವ ಆಸೆಯನ್ನು ತಡೆದುಕೊಳ್ಳಿ. ನೀಲಾ ಊಟಕ್ಕೆ ಕೂತ ಮೇಲೆ ಅವನ ಕಡೆ ತಿರುಗಿ ನೋಡಲೇಬೇಡಿ, ನೋಡುತ್ತಿದ್ದೀರಿ ಅಂತ ಗೊತ್ತಾದರೆ ಹುಡುಗರು ಬಿಗಿಯಾಗಿಬಿಡುತ್ತಾರೆ. ಹೇಗಿತ್ತು ಅಂತ ಮರುದಿನ ಕೇಳಿದರೆ ಸಾಕು.